ಗೆದ್ದರೆ ಹಣ, ಸೋತರೆ ಕಾಗದ

ನಮ್ಮ ಅಜ್ಜಿಯ ಹತ್ತಿರ ಒಂದು ಹಿತ್ತಾಳೆ ಡಬ್ಬಿ ಇದೆ. ಅದರಲ್ಲಿ ಹಳೆಯ 500 ರೂಪಾಯಿಯ ನಾಲ್ಕು ನೋಟುಗಳಿವೆ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ನಾನು ಆರನೇ ಕ್ಲಾಸು. ಮನೆಯವರೆಲ್ಲ ಬ್ಯಾಂಕಿನ ಮುಂದೆ ಸಾಲಾಗಿ ನಿಂತು ಇದ್ದಬದ್ದ ನೋಟುಗಳನ್ನು ಕಟ್ಟಿ ಬಂದರು. ಅಜ್ಜಿ ಮಾತ್ರ ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದ ಈ ನಾಲ್ಕನ್ನು ಮರೆತೇಬಿಟ್ಟಿದ್ದಳು. ನೆನಪಾಗಿದ್ದು ಮುಂದಿನ ಯುಗಾದಿಗೆ ಸೀರೆ ಹೊರತೆಗೆದಾಗ. ಹಾಲು ಮಾರಿ ಕೂಡಿಟ್ಟ ಎರಡು ಸಾವಿರ ರೂಪಾಯಿ. ಅವತ್ತು ಅವಳು ಕೇಳಿದ ಪ್ರಶ್ನೆಗೆ ಮನೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನೋಟು ಹಾಗೇ ಇದೆ, ಗಾಂಧಿ ಹಾಗೇ ನಗುತ್ತಿದ್ದಾರೆ, ಒಂದು ಮೂಲೆಯೂ ಹರಿದಿಲ್ಲ. ಹಾಗಾದರೆ ಇದರೊಳಗಿಂದ ಹೋಗಿದ್ದೇನು?

ಆ ಪ್ರಶ್ನೆ ನನಗೂ ಮರೆತೇಹೋಗಿತ್ತು. ಹೋದ ಸೆಮಿಸ್ಟರ್ ರಜೆಯಲ್ಲಿ, ಇಂಟರ್ನ್‌ಷಿಪ್‌ಗೆ ಹಾಕಿದ ಹನ್ನೊಂದು ಅರ್ಜಿಗಳಲ್ಲಿ ಒಂದಕ್ಕೂ ಉತ್ತರ ಬಾರದೆ ಸುಮ್ಮನೆ ಕೂತಿದ್ದಾಗ, ಕಾಲೇಜು ಲೈಬ್ರರಿಯಲ್ಲಿ ಒಂದು ಹಳೆಯ ಪುಸ್ತಕ ಕೈಗೆ ಸಿಕ್ಕಿತು. ಜಾನ್ ರೀಡ್ ಎಂಬ ಅಮೆರಿಕದ ಪತ್ರಕರ್ತ ಮೆಕ್ಸಿಕೊ ಕ್ರಾಂತಿಯನ್ನು ಕಣ್ಣಾರೆ ಕಂಡು 1914ರಲ್ಲಿ ಪ್ರಕಟಿಸಿದ ಪುಸ್ತಕ ಅದು. ಅದರಲ್ಲಿ ದರೋಡೆಕೋರನಾಗಿದ್ದು ಸೇನಾಪತಿಯಾದ ಒಬ್ಬ ಮನುಷ್ಯ, ಊರಿನಲ್ಲಿ ದುಡ್ಡಿಲ್ಲ ಎಂದಾಗ ತಾನೇ ನೋಟು ಅಚ್ಚು ಹಾಕಿಸಿದ ಕಥೆ ಇದೆ. ಓದಿದ ತಕ್ಷಣ ನೆನಪಾಗಿದ್ದು ಅಜ್ಜಿಯ ಡಬ್ಬಿ. ಆಮೇಲೆ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವನ ಹೆಸರು ಫ್ರಾನ್ಸಿಸ್ಕೊ ವಿಯಾ. ಜಗತ್ತಿಗೆ ಪಾಂಚೊ ವಿಯಾ. ಇಂಗ್ಲಿಷ್ ಸಿನಿಮಾ ನೋಡಿದವರು ವಿಲ್ಲಾ ಅನ್ನುತ್ತಾರೆ, ಮೆಕ್ಸಿಕೊದವರ ಬಾಯಲ್ಲಿ ಅದು ವಿಯಾ.

ಅವನ ನಿಜವಾದ ಹೆಸರು ಅದೂ ಅಲ್ಲ. 1878ರ ಜೂನ್ 5ರಂದು ಉತ್ತರ ಮೆಕ್ಸಿಕೊದ ಡುರಾಂಗೊ ರಾಜ್ಯದಲ್ಲಿ, ಇನ್ನೊಬ್ಬರ ಜಮೀನನ್ನು ಪಾಲಿಗೆ ಮಾಡುತ್ತಿದ್ದ ರೈತನ ಮನೆಯಲ್ಲಿ ಹುಟ್ಟಿದ ಈ ಹುಡುಗನಿಗೆ ಇಟ್ಟ ಹೆಸರು ದೊರೊತೆಯೊ ಅರಾಂಗೊ. ಐದು ಮಕ್ಕಳಲ್ಲಿ ಹಿರಿಯ. ಅಪ್ಪ ಬೇಗ ತೀರಿಕೊಂಡ, ಶಾಲೆ ತಪ್ಪಿತು. ಹದಿನಾರನೇ ವಯಸ್ಸಿನಲ್ಲಿ, ತಂಗಿಯ ಮೇಲೆ ಕಣ್ಣುಹಾಕಿದ ಜಮೀನ್ದಾರನಿಗೆ ಗುಂಡು ಹೊಡೆದು ಬೆಟ್ಟ ಹತ್ತಿದೆ ಎಂದು ಮುಂದೆ ಅವನೇ ಹೇಳಿಕೊಳ್ಳುತ್ತಿದ್ದ. ಬೆಟ್ಟದಲ್ಲಿ ದರೋಡೆ, ದನಗಳ್ಳತನ. ಮಧ್ಯೆ ಮಧ್ಯೆ ಗಾರೆ ಕೆಲಸ, ಹೇಸರಗತ್ತೆ ಹೊಡೆಯುವ ಕೆಲಸ, ಮಾಂಸದ ವ್ಯಾಪಾರ. ಹೊಸ ಹೆಸರು ಇಟ್ಟುಕೊಂಡಿದ್ದು ಈ ಕಾಲದಲ್ಲೇ. ಕುಡಿಯುತ್ತಿರಲಿಲ್ಲ, ಆದರೆ ರಾತ್ರಿಯಿಡೀ ಕುಣಿಯುತ್ತಿದ್ದ. ಕುದುರೆ ಎಂದರೆ ಪ್ರಾಣ. ಕೋಪ ಬಂದರೆ ಎದುರಿಗಿದ್ದವರ ಪ್ರಾಣಕ್ಕೆ ಬೆಲೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನನ್ನು ಮೆಚ್ಚಿಕೊಳ್ಳುವ ಸಂದರ್ಭಗಳು ಬರುತ್ತವೆ.

ಆಗಿನ ಮೆಕ್ಸಿಕೊ ಹೇಗಿತ್ತು ಅನ್ನುವುದು ಗೊತ್ತಿಲ್ಲದಿದ್ದರೆ ಅವನ ನೋಟಿನ ಕಥೆ ಅರ್ಥವಾಗುವುದಿಲ್ಲ. ಪೊರ್ಫಿರಿಯೊ ದಿಯಾಸ್ ಎಂಬ ಸರ್ವಾಧಿಕಾರಿ ಮೂರು ದಶಕಕ್ಕೂ ಹೆಚ್ಚು ಕಾಲ ಆಳಿದ. ರೈಲು ಬಂತು, ಗಣಿ ಬಂತು, ವಿದೇಶಿ ಬಂಡವಾಳ ಬಂತು. ಭೂಮಿ ಮಾತ್ರ ಕೆಲವೇ ಕುಟುಂಬಗಳ ಕೈ ಸೇರಿತು. ವಿಯಾ ನೆಲೆಯೂರಿದ ಚಿವಾವಾ ರಾಜ್ಯದಲ್ಲಿ (ಪುಟ್ಟ ನಾಯಿಯ ತಳಿ ನೆನಪಾಯಿತೇ? ಅದರ ಹೆಸರು ಇಲ್ಲಿಂದಲೇ ಬಂದಿದ್ದು) ಲೂಯಿಸ್ ತೆರ್ರಾಸಾಸ್ ಎಂಬ ಒಬ್ಬನದೇ ಲಕ್ಷಗಟ್ಟಲೆ ಎಕರೆ, ಲೆಕ್ಕವಿಲ್ಲದಷ್ಟು ದನ. ಗವರ್ನರ್ ಹುದ್ದೆ ಅವನಿಗೆ, ತಪ್ಪಿದರೆ ಅಳಿಯನಿಗೆ. ರಾಜ್ಯದಲ್ಲಿ ನೋಟು ಹೊರಡಿಸುತ್ತಿದ್ದ ಬಾಂಕೊ ಮಿನೆರೊ ಎಂಬ ಬ್ಯಾಂಕೂ ಇದೇ ಕುಟುಂಬದ್ದು. ಆಗ ಮೆಕ್ಸಿಕೊದಲ್ಲಿ ನಮ್ಮ ರಿಸರ್ವ್ ಬ್ಯಾಂಕಿನಂಥದ್ದು ಇರಲಿಲ್ಲ. ಸರ್ಕಾರ ಪರವಾನಗಿ ಕೊಟ್ಟ ಖಾಸಗಿ ಬ್ಯಾಂಕುಗಳೇ ನೋಟು ಅಚ್ಚು ಹಾಕುತ್ತಿದ್ದವು.

ದೊಡ್ಡ ಎಸ್ಟೇಟುಗಳಲ್ಲಿ ದುಡಿಯುವವರ ಕೈಗೆ ಎಷ್ಟೋ ಸಲ ಆ ನೋಟೂ ಬರುತ್ತಿರಲಿಲ್ಲ. ಕೂಲಿಯ ಬದಲು ಟೋಕನ್ ಅಥವಾ ಚೀಟಿ. ಅದು ನಡೆಯುವುದು ಧಣಿಯ ಅಂಗಡಿಯಲ್ಲಿ ಮಾತ್ರ. ಬೆಲೆ ಧಣಿ ಹೇಳಿದ್ದು. ಸಾಲ ತೀರುವ ಮೊದಲು ಎಸ್ಟೇಟು ಬಿಡುವ ಹಾಗಿಲ್ಲ, ಸಾಲ ತೀರುತ್ತಲೂ ಇರಲಿಲ್ಲ. ನಮ್ಮ ಹಾಸ್ಟೆಲ್ ಮೆಸ್ಸಿನ ಕೂಪನ್ ಬೇರೆಲ್ಲೂ ನಡೆಯುವುದಿಲ್ಲ ಎಂದು ನಾವು ಗೊಣಗುತ್ತೇವೆ. ಇಡೀ ಜೀವನವೇ ಒಂದು ಕೂಪನ್ ಮೇಲೆ ನಡೆದರೆ ಹೇಗಿರುತ್ತದೆ ಎಂದು ಇದನ್ನು ಓದುವಾಗ ಯೋಚಿಸಿದೆ. ಕನನೇಆ ಎಂಬ ಗಣಿ ಊರಿನಲ್ಲಿ ಹೀಗೆ ಚೀಟಿಯಲ್ಲಿ ಸಂಬಳ ಕೊಡುತ್ತಿದ್ದ ವಿಲಿಯಂ ವೀಕ್ಸ್ ಎಂಬ ಅಮೆರಿಕನ್ನನ ಹೆಸರು ಗಣಿ ಕೆಲಸಗಾರರ ನಾಲಿಗೆಯಲ್ಲಿ ಹೊರಳಿ ಬಿಲಿಂಬಿಕೆ ಆಯಿತಂತೆ. ಹೀಗೊಂದು ಜನಪ್ರಿಯ ಕಥೆ. ಕ್ರಾಂತಿಯ ಕಾಲದ ಎಲ್ಲ ಕಾಗದದ ಹಣಕ್ಕೂ ಮೆಕ್ಸಿಕನ್ನರು ಇಟ್ಟ ಅಡ್ಡಹೆಸರು ಅದೇ, ಬಿಲಿಂಬಿಕೆ.

1910ರಲ್ಲಿ ಫ್ರಾನ್ಸಿಸ್ಕೊ ಮದೆರೊ ಎಂಬ ಶ್ರೀಮಂತ ಮನೆತನದ ಸಾಧು ಮನುಷ್ಯ ದಿಯಾಸ್ ವಿರುದ್ಧ ದಂಗೆಗೆ ಕರೆ ಕೊಟ್ಟ. ಚಿವಾವಾದಲ್ಲಿ ಅವನ ಪರ ಜನ ಕೂಡಿಸುತ್ತಿದ್ದವನು ಅಬ್ರಹಾಂ ಗೊನ್ಸಾಲೆಸ್. ದನಗಳ್ಳನಾಗಿ ಪೊಲೀಸರು ಹುಡುಕುತ್ತಿದ್ದ ವಿಯಾನನ್ನು ಕೂರಿಸಿಕೊಂಡು, ನಿನ್ನ ಸಿಟ್ಟಿಗೆ ಒಂದು ಅರ್ಥ ಇದೆ ಎಂದು ಹೇಳಿದ ಮೊದಲ ವ್ಯಕ್ತಿ ಇವನೇ ಇರಬೇಕು. ಈ ಇಬ್ಬರನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಒಂದು ನೋಟಿನ ಮೇಲೆ ಮತ್ತೆ ಸಿಗುತ್ತಾರೆ. 1911ರ ಮೇ ತಿಂಗಳಲ್ಲಿ, ಮದೆರೊ ಬೇಡ ಬೇಡ ಎನ್ನುತ್ತಿದ್ದರೂ, ಒರೊಸ್ಕೊ ಮತ್ತು ವಿಯಾ ಗಡಿಯ ಊರಾದ ಸಿಯುದಾದ್ ಹುವಾರೆಸ್ ಮೇಲೆ ನುಗ್ಗಿ ಗೆದ್ದರು. ಅದೇ ತಿಂಗಳು ದಿಯಾಸ್ ರಾಜೀನಾಮೆ ಕೊಟ್ಟು ಯುರೋಪಿಗೆ ಹೊರಟುಹೋದ. ಮದೆರೊ ಅಧ್ಯಕ್ಷನಾದ.

ಮುಂದಿನ ವರ್ಷ ಒರೊಸ್ಕೊ ಮದೆರೊ ವಿರುದ್ಧವೇ ತಿರುಗಿಬಿದ್ದ. ವಿಯಾ ಮದೆರೊನ ಪಕ್ಷದಲ್ಲೇ ಉಳಿದು ಜನರಲ್ ವೆರ್ತಾನ ಕೈಕೆಳಗೆ ಹೋರಾಡಿದ. ಒಂದು ಕುದುರೆಯ ವಿಷಯಕ್ಕೆ ಜಗಳವಾಗಿ ವೆರ್ತಾ ಅವನಿಗೆ ಮರಣದಂಡನೆ ವಿಧಿಸಿದ. ಗೋಡೆಗೆ ಒರಗಿಸಿ ಬಂದೂಕು ಎತ್ತಿದ ಮೇಲೆ ಮದೆರೊನ ಕಡೆಯಿಂದ ತಡೆ ಬಂತು. ಪ್ರಾಣ ಉಳಿಯಿತು, ಜೈಲು ತಪ್ಪಲಿಲ್ಲ. ರಾಜಧಾನಿಯ ಆ ಜೈಲಿನಲ್ಲಿ ಗಿಲ್ದಾರ್ದೊ ಮಗಾನ್ಯಾ ಎಂಬ ಸಹಕೈದಿ ವಿಯಾನಿಗೆ ಓದು ಕಲಿಸಿದ, ದೇಶದ ಚರಿತ್ರೆ ಹೇಳಿಕೊಟ್ಟ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಅಕ್ಷರದ ಜೊತೆ ಕುಸ್ತಿ. ಸಪ್ಲಿಮೆಂಟರಿ ಪರೀಕ್ಷೆಗೆ ಓದಲು ಕೂತಾಗ ನಾನು ಈ ಚಿತ್ರವನ್ನು ನೆನೆಸಿಕೊಳ್ಳುವುದುಂಟು. 1912ರ ಡಿಸೆಂಬರ್‌ನಲ್ಲಿ ಕೋರ್ಟಿನ ಒಬ್ಬ ಗುಮಾಸ್ತನ ನೆರವಿನಿಂದ ಸರಳು ಕೊಯ್ದು, ವಕೀಲನಂತೆ ಕೋಟು ತೊಟ್ಟು, ಜೈಲಿನಿಂದ ನಡೆದೇ ಹೊರಬಂದ. ಗಡಿ ದಾಟಿ ಅಮೆರಿಕದ ಎಲ್ ಪಾಸೊ ಸೇರಿದ.

1913ರ ಫೆಬ್ರುವರಿಯಲ್ಲಿ ವೆರ್ತಾ ದಂಗೆ ಎದ್ದು ಅಧಿಕಾರ ಕಿತ್ತುಕೊಂಡ. ಮದೆರೊನ ಕೊಲೆಯಾಯಿತು. ಮಾರ್ಚ್‌ನಲ್ಲಿ ಗೊನ್ಸಾಲೆಸ್‌ನ ಕೊಲೆಯಾಯಿತು. ಅದೇ ತಿಂಗಳು ಒಂದು ರಾತ್ರಿ ವಿಯಾ ಎಂಟು ಜನರೊಂದಿಗೆ ನದಿ ದಾಟಿ ಮೆಕ್ಸಿಕೊಗೆ ಮರಳಿದ. ಆರೇ ತಿಂಗಳಲ್ಲಿ ಆ ಎಂಟು ಜನ ಸಾವಿರಾರು ಜನರ ಉತ್ತರ ವಿಭಾಗವೆಂಬ ಸೈನ್ಯವಾದರು.

ಆ ಸೈನ್ಯ ರೈಲಿನ ಮೇಲೆ ಬದುಕುತ್ತಿತ್ತು. ಬೋಗಿಯೊಳಗೆ ಕುದುರೆ, ಬೋಗಿಯ ಮೇಲೆ ಸೈನಿಕರು, ಅವರ ಹೆಂಡತಿ ಮಕ್ಕಳು, ಒಲೆ, ಕೋಳಿ. ನಲವತ್ತು ಬೋಗಿಗಳ ಆಸ್ಪತ್ರೆ ರೈಲು ಬೇರೆ. ಇಂಜಿನಿಯರಿಂಗ್ ಓದುವವನ ಕಣ್ಣಿಗೆ ಇವನ ಅತಿ ಚೆಂದದ ಕೆಲಸ 1913ರ ನವೆಂಬರ್‌ನಲ್ಲಿ ನಡೆದದ್ದು. ಒಂದು ಕಲ್ಲಿದ್ದಲು ರೈಲನ್ನು ಹಿಡಿದ, ಕಲ್ಲಿದ್ದಲು ಸುರಿಸಿ ಸೈನಿಕರನ್ನು ತುಂಬಿದ. ಟೆಲಿಗ್ರಾಫ್ ನೌಕರನ ತಲೆಗೆ ಪಿಸ್ತೂಲು ಇಟ್ಟು, ಮುಂದೆ ದಾರಿ ಕಡಿದಿದೆ, ಏನು ಮಾಡಲಿ ಎಂದು ಹುವಾರೆಸ್ ಊರಿಗೆ ಸಂದೇಶ ಕಳಿಸಿದ. ಹಿಂದಕ್ಕೆ ಬಾ, ಪ್ರತಿ ಸ್ಟೇಷನ್ನಿನಿಂದಲೂ ವರದಿ ಕೊಡು ಎಂದು ಉತ್ತರ ಬಂತು. ಹೇಳಿದಂತೆಯೇ ಪ್ರತಿ ಸ್ಟೇಷನ್ನಿನಿಂದಲೂ ವರದಿ ಕೊಡಿಸುತ್ತ, ನಡುರಾತ್ರಿ ಕಳೆದ ಮೇಲೆ ಶತ್ರುವಿನ ಪ್ಲಾಟ್‌ಫಾರಂಗೇ ರೈಲು ತಂದು ನಿಲ್ಲಿಸಿದ. ಬೆಳಗಾಗುವಷ್ಟರಲ್ಲಿ ಊರು ಅವನದಾಗಿತ್ತು.

ಡಿಸೆಂಬರ್‌ನಲ್ಲಿ ರಾಜ್ಯದ ರಾಜಧಾನಿ ಚಿವಾವಾ ನಗರ ಸಿಕ್ಕಿತು. ಸಹ ಸೇನಾನಿಗಳು ವಿಯಾನನ್ನೇ ಗವರ್ನರ್ ಮಾಡಿದರು. ಅವನು ಆ ಕುರ್ಚಿಯಲ್ಲಿ ಕೂತದ್ದು ಸುಮಾರು ನಾಲ್ಕು ವಾರ ಮಾತ್ರ. ಆ ನಾಲ್ಕು ವಾರಗಳಲ್ಲೇ ನೋಟಿನ ಕಥೆ ಶುರುವಾಗುತ್ತದೆ.

ಊರಿನಲ್ಲಿ ಜನರಿದ್ದರು, ಹಳ್ಳಿಗಳಲ್ಲಿ ದನ ಧಾನ್ಯ ಇತ್ತು. ನಡುವೆ ದುಡ್ಡು ಇರಲಿಲ್ಲ. ಶ್ರೀಮಂತರು ಬೆಳ್ಳಿ ನಾಣ್ಯ, ಬ್ಯಾಂಕ್ ನೋಟುಗಳನ್ನು ಹೂತಿಟ್ಟಿದ್ದರು ಇಲ್ಲವೇ ಹೊತ್ತುಕೊಂಡು ಗಡಿ ದಾಟಿದ್ದರು. ಪೇಟೆಯವರ ಹತ್ತಿರ ಕೊಳ್ಳಲು ಏನೂ ಇಲ್ಲವಾದ್ದರಿಂದ ರೈತರು ಮಾರಲು ಬರುತ್ತಿರಲಿಲ್ಲ. ಊಟ ಇದ್ದೂ ಹಸಿವು. ವಿಯಾ ಇದನ್ನು ಅರ್ಥಶಾಸ್ತ್ರದ ಸಮಸ್ಯೆ ಎಂದು ಭಾವಿಸಲೇ ಇಲ್ಲ. ಕೊರತೆ ಇರುವುದು ದುಡ್ಡಿನದಾದರೆ ದುಡ್ಡು ಅಚ್ಚು ಹಾಕಿದರಾಯಿತು ಎಂದುಬಿಟ್ಟ. ಅರಮನೆಯ ನೆಲಮಾಳಿಗೆಯಲ್ಲಿ ಮುದ್ರಣ ಯಂತ್ರ ಓಡತೊಡಗಿತು ಎಂದು ರೀಡ್ ಬರೆಯುತ್ತಾನೆ. ಬಡವರಿಗೆ ಒಂದಿಷ್ಟು ನೋಟು ಹಂಚಿದ. ಮಾಂಸ ಪೌಂಡಿಗೆ ಏಳು ಸೆಂಟ್, ಬ್ರೆಡ್ಡಿಗೆ ನಾಲ್ಕು ಸೆಂಟ್ ಎಂದು ಬೆಲೆ ಕಟ್ಟಿದ. ತೆರ್ರಾಸಾಸ್ ಕುಟುಂಬದ ದನಗಳನ್ನು ಕಡಿಸಿ ಮಾಂಸವನ್ನು ಆ ಬೆಲೆಗೆ ಮಾರಿಸಿದ. ಈ ನೋಟು ಬೇಡ ಎಂದವರಿಗೆ ಜೈಲು.

ಇಷ್ಟಾದರೂ ವ್ಯಾಪಾರಿಗಳು ಹಳೆಯ ಬ್ಯಾಂಕ್ ನೋಟು, ಬೆಳ್ಳಿಯನ್ನು ಹೊರಗೆ ತೆಗೆಯಲಿಲ್ಲ. ಅಮೆರಿಕದಿಂದ ಮದ್ದುಗುಂಡು ತರಿಸಲು ವಿಯಾನಿಗೆ ಅದೇ ಬೇಕಾಗಿತ್ತು. ಆಗ ಒಂದು ಆಜ್ಞೆ ಹೊರಟಿತು. ಇಂತಿಷ್ಟು ದಿನದೊಳಗೆ ತನ್ನ ನೋಟಿಗೆ ಬದಲಾಯಿಸಿಕೊಳ್ಳದ ಹಳೆಯ ಹಣವೆಲ್ಲ ಖೋಟಾ ಎಂದು ಪರಿಗಣಿಸಲಾಗುವುದು! ಗಡುವು ಹತ್ತಿರವಾದಂತೆ ಹೂತಿಟ್ಟದ್ದು ಮೇಲೆದ್ದು ಬಂತು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಗಡುವು, ಸಾಲು, ಸೀರೆಯ ಮಡಿಕೆ.

ಬರೀ ಬೆದರಿಕೆಯ ಮೇಲೆ ನೋಟು ನಡೆಯಿತು ಎಂದುಕೊಂಡರೆ ತಪ್ಪಾಗುತ್ತದೆ. ಡಿಸೆಂಬರ್ 12ರಂದೇ ವಿಯಾ ತೆರ್ರಾಸಾಸ್ ಮತ್ತು ಅವರ ಜೊತೆಗಾರರ ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿದ್ದ. ಅದರ ಆದಾಯ ಯುದ್ಧಕ್ಕೆ, ವಿಧವೆಯರಿಗೆ, ಅನಾಥ ಮಕ್ಕಳಿಗೆ. ಗೆದ್ದ ಮೇಲೆ ಭೂಮಿ ಹಂಚಿಕೆ. ಅದೇ ಆಸ್ತಿಯ ಆಧಾರದ ಮೇಲೆ ಚಿವಾವಾ ರಾಜ್ಯದ ಬ್ಯಾಂಕು. ದನಗಳು ಗಡಿಯಾಚೆ ಮಾರಾಟವಾಗಿ ಡಾಲರ್ ಬರುತ್ತಿತ್ತು. ತೊರ್ರೆಯೊನ್ ಊರಿನ ಸುತ್ತಲಿನ ಹತ್ತಿಯೂ ಹಾಗೆಯೇ. ಅಂದರೆ ಆ ಕಾಗದದ ಹಿಂದೆ ಚಿನ್ನ ಇರಲಿಲ್ಲವಾದರೂ ಮೇಯುವ ದನ, ಹತ್ತಿಯ ಹೊಲ, ಓಡುವ ರೈಲು ಇದ್ದವು. ಎಲ್ ಪಾಸೊದ ಅಮೆರಿಕನ್ ವ್ಯಾಪಾರಿಗಳೂ ಅದನ್ನು ಕಡಿಮೆ ಬೆಲೆಗೆ ಕೊಂಡು ಇಟ್ಟುಕೊಳ್ಳತೊಡಗಿದರು. ವಿಯಾ ದೇಶ ಗೆದ್ದರೆ ಪೂರ್ತಿ ಬೆಲೆ ಸಿಗುತ್ತದೆ ಎಂಬ ಲೆಕ್ಕ. ಈಗಿನ ಹುಡುಗರು ಶೇರಿನ ಮೇಲೆ ಆಡುವ ಆಟವನ್ನು ಅವರು ಒಬ್ಬ ಮನುಷ್ಯನ ಮೇಲೆ ಆಡುತ್ತಿದ್ದರು.

ಕೆಡುಕೂ ಇದರ ಜೊತೆಯಲ್ಲೇ ನಡೆಯಿತು. ಮುದುಕ ತೆರ್ರಾಸಾಸ್‌ನ ಮಗ ಬ್ರಿಟಿಷ್ ಕಾನ್ಸುಲೇಟಿನಲ್ಲಿ ಅಡಗಿದ್ದ. ವಿಯಾನ ಜನ ಅವನನ್ನು ಎಳೆದು ತಂದು ಹಿಂಸಿಸಿ ಬಾಯಿ ಬಿಡಿಸಿದರು. ಬಾಂಕೊ ಮಿನೆರೊದ ಒಂದು ಕಂಬದೊಳಗೆ ಅಡಗಿಸಿದ್ದ ಚಿನ್ನದ ನಾಣ್ಯ ಹೊರಬಂತು. ಅದೇ ಕೈಗಳು ಅದೇ ತಿಂಗಳುಗಳಲ್ಲಿ ಚಿವಾವಾದಲ್ಲಿ ಹತ್ತಾರು ಶಾಲೆ ತೆರೆದವು.

ಮೊದಲ ಕಂತಿನ ನೋಟುಗಳು ದೊಡ್ಡವು, ಬಿಳಿಯವು, ಅಲಂಕಾರ ಕಡಿಮೆ. ಜನ ಅವುಗಳಿಗೆ ಸಾಬಾನಾ, ಅಂದರೆ ಬೆಡ್‌ಶೀಟ್, ಎಂದು ಹೆಸರಿಟ್ಟರು. ಅಷ್ಟು ಸಾದಾ ನೋಟನ್ನು ನಕಲು ಮಾಡಲು ಜಾಣತನವೂ ಬೇಕಿರಲಿಲ್ಲ. ಗಡಿಯ ಎರಡೂ ಕಡೆ ಖೋಟಾ ನೋಟುಗಳ ಸುಗ್ಗಿಯಾಯಿತು. ಹಾಗಾಗಿ 1914ರಲ್ಲಿ ಹೊಸ ನೋಟು ಬಂತು. ಅದರ ಮೇಲೆ ಎರಡು ಭಾವಚಿತ್ರ, ಮದೆರೊ ಮತ್ತು ಅಬ್ರಹಾಂ ಗೊನ್ಸಾಲೆಸ್. ಜನರ ಬಾಯಲ್ಲಿ ದೋಸ್ ಕರಿತಾಸ್, ಎರಡು ಪುಟ್ಟ ಮುಖಗಳು. ನನಗೆ ಈ ಮನುಷ್ಯನ ಮೇಲೆ ಅಕ್ಕರೆ ಹುಟ್ಟಿದ್ದು ಇಲ್ಲೇ. ಕೈಯಲ್ಲಿ ಸೈನ್ಯ ಇತ್ತು, ಮುದ್ರಣ ಯಂತ್ರ ಇತ್ತು, ಕ್ಯಾಮೆರಾ ಕಂಡರೆ ಖುಷಿ ಪಡುವ ಸ್ವಭಾವವೂ ಇತ್ತು. ಆ ವರ್ಷವೇ ತನ್ನ ಯುದ್ಧಗಳನ್ನು ಚಿತ್ರೀಕರಿಸಲು ಅಮೆರಿಕದ ಸಿನಿಮಾ ಕಂಪನಿಯೊಂದಕ್ಕೆ ಒಪ್ಪಂದ ಬರೆದುಕೊಟ್ಟಿದ್ದ. ಆದರೂ ನೋಟಿನ ಮೇಲೆ ಹಾಕಿಸಿದ್ದು ತನ್ನನ್ನು ಮನುಷ್ಯನಂತೆ ಕಂಡ, ಕೊಲೆಯಾದ ಇಬ್ಬರ ಮುಖ.

ನೋಟು ಅಚ್ಚು ಹಾಕುತ್ತಿದ್ದವನು ವಿಯಾ ಒಬ್ಬನೇ ಆಗಿರಲಿಲ್ಲ. ವೆರ್ತಾ ವಿರೋಧಿ ಹೋರಾಟದ ಹಿರಿಯ ನಾಯಕ ಕರಾನ್ಸಾ 1913ರ ಏಪ್ರಿಲ್‌ನಲ್ಲೇ 50 ಲಕ್ಷ ಪೆಸೊ ನೋಟಿಗೆ ಆಜ್ಞೆ ಹೊರಡಿಸಿದ್ದ. ಸೊನೋರಾದಲ್ಲಿ ರಟ್ಟಿನ ಚೂರುಗಳು ಹಣವಾದವು. ಒಂದೊಂದು ರಾಜ್ಯ, ಒಬ್ಬೊಬ್ಬ ಸೇನಾನಿ, ಒಂದೊಂದು ಊರಿನ ಆಡಳಿತ ಎಲ್ಲರದೂ ಒಂದೊಂದು ನೋಟು. ದಕ್ಷಿಣದಲ್ಲಿ ಸಪಾತಾನ ರೈತ ಸೈನ್ಯ ಮಾತ್ರ ಗಣಿಯ ಬೆಳ್ಳಿಯಿಂದ ನಾಣ್ಯ ಟಂಕಿಸಿತು. ಅವು ಒರಟಾಗಿದ್ದವು, ಆದರೆ ಬೆಳ್ಳಿ ಬೆಳ್ಳಿಯೇ.

1914ರ ಜೂನ್‌ನಲ್ಲಿ ಸಕಾತೆಕಾಸ್ ಊರಿನಲ್ಲಿ ವಿಯಾ ವೆರ್ತಾನ ಸೈನ್ಯದ ಬೆನ್ನು ಮುರಿದ. ಜುಲೈನಲ್ಲಿ ವೆರ್ತಾ ಓಡಿದ. ಗೆದ್ದವರು ತಮ್ಮತಮ್ಮಲ್ಲೇ ಕಚ್ಚಾಡಿದರು. ಒಂದು ಕಡೆ ಕರಾನ್ಸಾ ಮತ್ತು ಅವನ ಸೇನಾಪತಿ ಒಬ್ರೆಗೊನ್, ಇನ್ನೊಂದು ಕಡೆ ವಿಯಾ ಮತ್ತು ಸಪಾತಾ. ಡಿಸೆಂಬರ್‌ನಲ್ಲಿ ವಿಯಾ, ಸಪಾತಾ ಇಬ್ಬರೂ ರಾಜಧಾನಿ ಮೆಕ್ಸಿಕೊ ನಗರಕ್ಕೆ ಬಂದರು. ಅಧ್ಯಕ್ಷರ ಕುರ್ಚಿಯಲ್ಲಿ ವಿಯಾ ನಗುತ್ತ ಕೂತ, ಪಕ್ಕದಲ್ಲಿ ಸಪಾತಾ ಬಿಗಿದ ಮುಖದಲ್ಲಿ ಕೂತ ಫೋಟೊ ನೀವೂ ನೋಡಿರಬಹುದು. ಅದು ಅವನ ಜೀವನದ ಶಿಖರ. ಅವನ ನೋಟಿನದೂ ಅದೇ.

ಮುಂದಿನ ತಿಂಗಳು ಒಬ್ರೆಗೊನ್ ಆ ನಗರವನ್ನು ಹಿಡಿದ. ವಿಯಾನ ಪಕ್ಷದ ನೋಟು ಚಲಾವಣೆಯಲ್ಲಿಲ್ಲ ಎಂದು ಘೋಷಿಸಿದ. ದಿನಗೂಲಿಯವರ ಜೇಬಿನಲ್ಲಿ ಇದ್ದದ್ದು ಅದೇ ನೋಟು. ಮೆಕ್ಕೆಜೋಳದ ಅಂಗಡಿಯವನು ಅದನ್ನು ಮುಟ್ಟಲಿಲ್ಲ. ಕೆಲವೇ ವಾರಗಳಲ್ಲಿ ಒಬ್ರೆಗೊನ್ ಹೊರಟ, ಸಪಾತಾನ ಜನ ಬಂದರು, ಮತ್ತೆ ಹಣ ಬದಲಾಯಿತು. 1915ರಲ್ಲಿ ಆ ನಗರ ಹೀಗೆ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಹೋದಾಗಲೆಲ್ಲ ಒಂದು ಬಗೆಯ ನೋಟು ಸತ್ತು ಇನ್ನೊಂದು ಹುಟ್ಟುತ್ತಿತ್ತು. ಬೆಳಿಗ್ಗೆ ಎದ್ದು, ಇವತ್ತು ಊರು ಯಾರದು ಎಂದು ಕೇಳಿಕೊಂಡು ಆಮೇಲೆ ಚೀಲ ಹಿಡಿದು ಪೇಟೆಗೆ ಹೋಗುವ ಪರಿಸ್ಥಿತಿ. ಸಿರಿವಂತರು ಡಾಲರನ್ನೋ ಚಿನ್ನವನ್ನೋ ಇಟ್ಟುಕೊಂಡು ಬಚಾವಾದರು. ರಾಜಧಾನಿಯವರ ನೆನಪಿನಲ್ಲಿ ಅದು ಹಸಿವಿನ ವರ್ಷವಾಗಿ ಉಳಿಯಿತು.

ಏಪ್ರಿಲ್‌ನಲ್ಲಿ ಸೆಲಾಯಾ ಎಂಬ ಊರಿನ ಹತ್ತಿರ ಎರಡು ದೊಡ್ಡ ಕಾಳಗಗಳಾದವು. ಒಬ್ರೆಗೊನ್ ಯುರೋಪಿನ ಮಹಾಯುದ್ಧದ ಸುದ್ದಿಯನ್ನು ಗಮನವಿಟ್ಟು ಓದುತ್ತಿದ್ದವನು. ಹೊಲದ ನೀರಾವರಿ ಕಾಲುವೆಗಳನ್ನೇ ಕಂದಕ ಮಾಡಿಕೊಂಡು, ಮುಂದೆ ಮುಳ್ಳುತಂತಿ ಎಳೆದು, ಮೆಷಿನ್ ಗನ್ ಹೂಡಿ ಕಾದು ಕೂತ. ವಿಯಾನಿಗೆ ಗೊತ್ತಿದ್ದದ್ದು ಒಂದೇ, ಕುದುರೆ ಏರಿ ನುಗ್ಗುವುದು. ಮತ್ತೆ ಮತ್ತೆ ನುಗ್ಗಿಸಿದ. ಸಾವಿರಾರು ಜನ ತಂತಿಯ ಮೇಲೆ ಬಿದ್ದರು. ಹುವಾರೆಸ್‌ಗೆ ರೈಲು ನುಗ್ಗಿಸಿದ ಆ ತಲೆ ಇಲ್ಲಿ ಯಾಕೆ ಓಡಲಿಲ್ಲವೋ! ಗೆದ್ದ ಸೂತ್ರವನ್ನು ಬಿಡುವುದು ಕಷ್ಟ ಇರಬೇಕು.

ಸೆಲಾಯಾದಲ್ಲಿ ಮುಳ್ಳುತಂತಿಗೆ ಸಿಕ್ಕಿದ್ದು ಸೈನಿಕರ ಜೊತೆಗೆ ನೋಟು ಕೂಡ. ಕ್ರಾಂತಿಗೆ ಮೊದಲು ಒಂದು ಪೆಸೊ ಸುಮಾರು 50 ಅಮೆರಿಕನ್ ಸೆಂಟಿಗೆ ಸಮ. ವಿಯಾನ ಪೆಸೊ ಸೋಲಿನ ಸುದ್ದಿಯೊಂದಿಗೆ ಜಾರುತ್ತ ಜಾರುತ್ತ 1915ರ ಕೊನೆಗೆ ಯಾರೂ ಕೇಳದ ಸ್ಥಿತಿಗೆ ಬಂತು. ಎಲ್ ಪಾಸೊದ ವ್ಯಾಪಾರಿ ಮುಖ ತಿರುಗಿಸಿದ. ಮದ್ದುಗುಂಡಿಗೆ ಡಾಲರ್ ಬೇಕು, ಡಾಲರಿಗೆ ದನ ಬೇಕು, ಚಿವಾವಾದ ದನಗಳೂ ಅಷ್ಟು ಹೊತ್ತಿಗೆ ಕರಗಿಹೋಗಿದ್ದವು. ಹಾಗೆಂದು ಯಂತ್ರ ನಿಲ್ಲಿಸುವಂತೆಯೂ ಇಲ್ಲ, ಸೈನಿಕರಿಗೆ ಸಂಬಳ ಕೊಡಬೇಕಲ್ಲ. ಹೆಚ್ಚು ಅಚ್ಚಾದಷ್ಟೂ ಬೆಲೆ ಕಡಿಮೆ, ಬೆಲೆ ಕಡಿಮೆಯಾದಷ್ಟೂ ಹೆಚ್ಚು ಅಚ್ಚು. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಮಗೆ ಹೇಳಿಕೊಡುವ ಪಾಸಿಟಿವ್ ಫೀಡ್‌ಬ್ಯಾಕ್ ಎಂದರೆ ಇದೇ. ಸಂಬಳದ ನೋಟಿಗೆ ಒಂದು ಹಿಡಿ ಜೋಳ ಬಾರದೆ ಹೋದಾಗ ಸೈನಿಕರು ಕಳಚಿಕೊಂಡರು. ಅಕ್ಟೋಬರ್‌ನಲ್ಲಿ ಅಮೆರಿಕ ಕರಾನ್ಸಾನ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ನವೆಂಬರ್‌ನಲ್ಲಿ ಅಗ್ವಾ ಪ್ರಿಯೆತಾ ಊರಿನ ಮೇಲೆ ದಾಳಿಗೆ ಹೋದರೆ, ಅಮೆರಿಕದ ರೈಲಿನಲ್ಲೇ ಬಂದಿಳಿದಿದ್ದ ಕರಾನ್ಸಾನ ಸೈನಿಕರು ಎದುರಾದರು.

ಸೋತ ವಿಯಾ ಕ್ರೂರಿಯಾದ. 1915ರ ಡಿಸೆಂಬರ್‌ನಲ್ಲಿ ಸಾನ್ ಪೆದ್ರೊ ದೆ ಲಾ ಕುಯೆವಾ ಎಂಬ ಹಳ್ಳಿಯವರು ಅವನ ಜನರನ್ನು ಡಕಾಯಿತರೆಂದುಕೊಂಡು ಗುಂಡು ಹಾರಿಸಿದ್ದಕ್ಕೆ, ಊರಿನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊಲ್ಲಿಸಿದ. ಎಪ್ಪತ್ತಕ್ಕೂ ಹೆಚ್ಚು ಜನ, ಅವರಲ್ಲಿ ಊರಿನ ಪಾದ್ರಿಯೂ ಒಬ್ಬ. ಬಡವರ ಪರವಾದ ಮನುಷ್ಯ ಬಡವರ ಹಳ್ಳಿಗೆ ಮಾಡಿದ್ದು ಇದು. ಎರಡು ಪುಟ್ಟ ಮುಖಗಳ ನೋಟಿನ ಬಗ್ಗೆ ಬರೆಯುವಾಗ ನನಗೆ ಹುಟ್ಟಿದ ಅಕ್ಕರೆ ಇಲ್ಲಿ ನಿಲ್ಲುವುದಿಲ್ಲ.

1916ರ ಮಾರ್ಚ್ 9ರ ನಸುಕಿನಲ್ಲಿ ಗಡಿ ದಾಟಿ ಅಮೆರಿಕದ ಕೊಲಂಬಸ್ ಎಂಬ ಸಣ್ಣ ಊರಿನ ಮೇಲೆ ದಾಳಿ ಮಾಡಿಸಿದ. ಸಿಟ್ಟಾದ ಅಮೆರಿಕ ಜನರಲ್ ಪರ್ಷಿಂಗ್‌ನ ಕೈಕೆಳಗೆ ಸುಮಾರು ಹತ್ತು ಸಾವಿರ ಸೈನಿಕರನ್ನು, ಲಾರಿ, ವಿಮಾನಗಳ ಸಮೇತ ಕಳಿಸಿತು. ಹನ್ನೊಂದು ತಿಂಗಳು ಹುಡುಕಿ ಬರಿಗೈಯಲ್ಲಿ ವಾಪಸಾಯಿತು. ಇವನ ಬಗ್ಗೆ ಬಂದ ಸಿನಿಮಾ, ಹಾಡುಗಳೆಲ್ಲ ಬೆನ್ನುಹತ್ತುವುದು ಈ ಸಾಹಸವನ್ನೇ. ನಾನು ಬೇಗ ದಾಟಿಬಿಡುತ್ತೇನೆ.

ಗೆದ್ದ ಕರಾನ್ಸಾನ ನೋಟಿನ ಗತಿಯೂ ಚೆನ್ನಾಗೇನೂ ಇರಲಿಲ್ಲ. 1916ರಲ್ಲಿ ಅವನು ನಕಲು ಮಾಡಲಾಗದ್ದು ಎಂಬ ಹೆಸರಿನದೇ ಹೊಸ ನೋಟು ತಂದ. ಅದನ್ನು ನಕಲು ಮಾಡುವ ತಾಪತ್ರಯವನ್ನು ಯಾರೂ ತೆಗೆದುಕೊಳ್ಳಬೇಕಾಗಿರಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಅದೂ ಕಸವಾಯಿತು. ದೇಶ ಮತ್ತೆ ಬೆಳ್ಳಿ, ಚಿನ್ನದ ನಾಣ್ಯಕ್ಕೆ ಮರಳಿತು. 1925ರಲ್ಲಿ ಬ್ಯಾಂಕ್ ಆಫ್ ಮೆಕ್ಸಿಕೊ ಶುರುವಾದ ಮೇಲೂ ಅದರ ನೋಟು ಮುಟ್ಟಲು ಜನ ವರ್ಷಗಟ್ಟಲೆ ಹಿಂಜರಿದರು. ಒಮ್ಮೆ ಸುಟ್ಟ ಕೈ.

1920ರಲ್ಲಿ ಕರಾನ್ಸಾ ಕೊಲೆಯಾದ ಮೇಲೆ ಹೊಸ ಸರ್ಕಾರದೊಂದಿಗೆ ವಿಯಾ ರಾಜಿ ಮಾಡಿಕೊಂಡ. ಬಂದೂಕು ಕೆಳಗಿಟ್ಟದ್ದಕ್ಕೆ ಕನುತಿಯೊ ಎಂಬಲ್ಲಿ 25,000 ಎಕರೆ ಜಮೀನು, 50 ಜನ ಅಂಗರಕ್ಷಕರು. ಪಾಳುಬಿದ್ದ ಎಸ್ಟೇಟನ್ನು ರಿಪೇರಿ ಮಾಡಿಸಿ, ಟ್ರ್ಯಾಕ್ಟರ್ ತರಿಸಿ ಬೇಸಾಯ ಶುರುಮಾಡಿದ. ನೂರಾರು ಮಕ್ಕಳಿಗೆ ಶಾಲೆ ಕಟ್ಟಿಸಿದ. ಧಣಿಗಳ ಭೂಮಿ ಹಂಚುತ್ತೇನೆ ಎಂದಿದ್ದವನು ಕೊನೆಗೆ ತಾನೇ ಧಣಿಯಾದ ಎಂದು ನಗುವವರು ಆಗಲೂ ಇದ್ದರು.

1923ರ ಜುಲೈ 20. ವಿಯಾ ಹತ್ತಿರದ ಪಾರ್ರಾಲ್ ಊರಿನಿಂದ ತನ್ನ ಡಾಡ್ಜ್ ಕಾರನ್ನು ತಾನೇ ಓಡಿಸಿಕೊಂಡು ಹೊರಟಿದ್ದ. ಬೀದಿಯ ತಿರುವಿನಲ್ಲಿ ಒಬ್ಬ ಅವನಿಗೆ ಜೈಕಾರ ಕೂಗಿದನಂತೆ, ಅದೇ ಸನ್ನೆ. ಬಾಡಿಗೆ ಮನೆಯೊಂದರಲ್ಲಿ ದಿನಗಟ್ಟಲೆ ಕಾದಿದ್ದವರು ಗುಂಡಿನ ಮಳೆಗರೆದರು. ವಿಯಾ ಸ್ಟೀರಿಂಗ್ ಮೇಲೆಯೇ ಸತ್ತ. ನಲವತ್ತೈದು ವರ್ಷ. ಅವತ್ತು ಅವನು ಪಾರ್ರಾಲ್‌ನ ಬ್ಯಾಂಕಿನಿಂದ ತನ್ನ ಎಸ್ಟೇಟಿನ ಆಳುಗಳ ಸಂಬಳಕ್ಕೆಂದು ತೆಗೆದುಕೊಂಡಿದ್ದದ್ದು ಚಿನ್ನ.

ಅವನ ನೋಟುಗಳು ಈಗ ಹಳೆಯ ನಾಣ್ಯ, ನೋಟು ಸಂಗ್ರಹಿಸುವವರ ಆಲ್ಬಂಗಳಲ್ಲಿವೆ. ಮದೆರೊ ಮಾತ್ರ ಮೆಕ್ಸಿಕೊದ ಚಲಾವಣೆಗೆ ವಾಪಸು ಬಂದಿದ್ದಾನೆ. 2020ರಲ್ಲಿ ಬಂದ 1,000 ಪೆಸೊ ನೋಟಿನ ಮೇಲೆ ಅವನ ಮುಖ ಇದೆ.

ಮೊನ್ನೆ ಊರಿಗೆ ಹೋದಾಗ ಮೊಬೈಲಿನಲ್ಲಿ ದೋಸ್ ಕರಿತಾಸ್ ನೋಟಿನ ಚಿತ್ರವನ್ನು ದೊಡ್ಡದು ಮಾಡಿ ಅಜ್ಜಿಗೆ ತೋರಿಸಿ ಈ ಕಥೆಯನ್ನೆಲ್ಲ ಹೇಳಿದೆ. ಇವರಿಬ್ಬರು ಯಾರು ಎಂದು ಕೇಳಿದಳು, ಹೇಳಿದೆ. ಅಚ್ಚು ಹಾಕಿಸಿದವನು ಎಲ್ಲಿ ಅಂದಳು. ಅವನ ಮುಖ ಇದರಲ್ಲಿ ಇಲ್ಲ ಅಂದೆ. ಸ್ವಲ್ಪ ಹೊತ್ತು ಚಿತ್ರವನ್ನೇ ನೋಡುತ್ತಿದ್ದಳು. ಆಮೇಲೆ, ಇವನನ್ನು ನಂಬಿ ಇದನ್ನು ಇಟ್ಟುಕೊಂಡವರಿಗೆ ಯಾರಾದರೂ ದುಡ್ಡು ಕೊಟ್ಟರಾ ಎಂದು ಕೇಳಿದಳು. ಇಲ್ಲ ಅಜ್ಜಿ ಅಂದೆ. ಅವಳು ಹಿತ್ತಾಳೆ ಡಬ್ಬಿ ತಂದು, ನಾಲ್ಕು ನೋಟುಗಳನ್ನು ಎಣಿಸಿ, ಮತ್ತೆ ಒಳಗಿಟ್ಟು ಮುಚ್ಚಳ ಹಾಕಿದಳು.